ಗೋಲ್ಡ್ ಸದಸ್ಯತ್ವ ಮತ್ತು ನಾಲ್ಕನೇ ಟೇಬಲ್

ಗೆಳೆಯರೇ, ನಮ್ಮ ಶೆಟ್ಟರಿಗೆ ಕೈಮುಗಿಯಬೇಕು!

ವಾಳೂಜ್ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದಕ್ಕೆ ಜನ ಹುಡುಕಿಕೊಡುವುದು ನನ್ನ ಕೆಲಸ. ವೃತ್ತಿಪರರ ನೆಟ್‌ವರ್ಕ್ ತಾಣದ ಗೋಲ್ಡ್ ಸದಸ್ಯತ್ವ ಪಡೆದು ತಿಂಗಳಿಡೀ ತಡಕಿದರೂ ಒಬ್ಬ ಒಳ್ಳೆಯ ಫಿಟ್ಟರ್ ಸಿಕ್ಕಿರಲಿಲ್ಲ. ಪ್ಲಾಟಿನಮ್‌ಗೆ ಏರಲೇ ಎಂದು ಇಂದು ಗೇಟಿನೆದುರಿನ ಉಡುಪಿ ಹೋಟೆಲಿನಲ್ಲಿ ಗೊಣಗಿದೆ.

ಗಲ್ಲಾದಲ್ಲಿದ್ದ ಶೆಟ್ಟರು ಕತ್ತೆತ್ತದೆ ಹೇಳಿದರು: "ನಾಲ್ಕನೇ ಟೇಬಲ್ ನೋಡಿ. ಒಳ್ಳೆ ಫಿಟ್ಟರ್. ಕೆಲಸ ಹುಡುಕ್ತಾ ಇದ್ದಾನೆ."

"ನಿಮಗ ಹೇಳ್ಯಾನೇನ್ರಿ?"

"ಹೇಳುದೆಂತ ಮಾರಾಯ್ರೇ? ದಿನಾ ಥಾಲಿ ತಿನ್ನುವವ ಇಡ್ಲಿಗೆ ಇಳಿದ್ರೆ ಅವನ ಕಂಪನಿ ಅಲ್ಲಾಡ್ತಾ ಉಂಟು ಅಂತ ಅರ್ಥ."

ಹೋಗಿ ವಿಚಾರಿಸಿದೆ. ಅಕ್ಷರಶಃ ನಿಜ! ಸೋಮವಾರ ನಮ್ಮಲ್ಲಿ ಸೇರುತ್ತಾನೆ.

ಬೆರಗಿನಲ್ಲೇ ಎದ್ದು ಹೊರಟವನನ್ನು ಶೆಟ್ಟರು ಮೆಲ್ಲಗೆ ಕೇಳಿದರು: "ನೀವೂ ಒಂದು ವಾರದಿಂದ ಇಡ್ಲಿಯೇ ತಿಂತಾ ಇದ್ದೀರಲ್ಲ, ನಿಮಗೂ ಎಲ್ಲಿಯಾದ್ರೂ ನೋಡುದಾ?"

ಬಾಸ್, ಇದನ್ನು ಓದುತ್ತಿದ್ದರೆ ದಯವಿಟ್ಟು ನಂಬಿ: ನನ್ನದು ಡಯಟ್.