ಒಂದು ತಪ್ಪು, ಒಂದು ಟೀ

ಎದುರಿಗೆ ಟೀ ಇಟ್ಟು, ಲೋಟದ ಮೇಲೆ ಅಂಗೈ ಮುಚ್ಚಿ ಕೂರುವ ಮನುಷ್ಯನನ್ನು ನಾನು ಕಂಡಿದ್ದು ಒಬ್ಬರನ್ನೇ, ನಮ್ಮ ಓಬಳೇಶಣ್ಣನನ್ನು. “ಮೊದ್ಲು ನಮ್ ಕೆಲಸದಾಗೆ ಒಂದು ತಪ್ಪು ಹೇಳ್ರಿ, ಆಮೇಲೆ ಕುಡೀರಿ” ಎನ್ನುತ್ತಿದ್ದರು. ಬಂದವರು ತಮಾಷೆ ಎಂದುಕೊಂಡು ನಗುತ್ತಿದ್ದರು. ಅಂಗೈ ಮಾತ್ರ ಕದಲುತ್ತಿರಲಿಲ್ಲ.

ಚಳ್ಳಕೆರೆಯಲ್ಲಿ ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸಾಫ್ಟ್‌ವೇರ್ ಕಂಪನಿ ಇತ್ತು. ಕಂಪನಿ ಎಂದರೆ ಅವರು, ನಾನು, ಇನ್ನಿಬ್ಬರು ಹುಡುಗಿಯರು, ಅಷ್ಟೇ. ನಾನು ಮೊಳಕಾಲ್ಮುರಿನ ನೇಕಾರರ ಮನೆಯವಳು. ಡಿಪ್ಲೊಮಾ ಮುಗಿಸಿ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯಲ್ಲಿ ನಮ್ಮದು ತೆಲುಗು ಎಂದು ಗೊತ್ತಾದ ಮೇಲೆ, ಊಟವಾಯಿತೇ ಎಂದು ಕೇಳುವುದಕ್ಕೂ ಓಬಳೇಶಣ್ಣ “ಏಮ್ಮಾ, ತಿನ್ನಾವಾ?” ಎಂದು ರಾಗ ಎಳೆಯುತ್ತಿದ್ದರು. ಅವರಿಗೆ ಬರುತ್ತಿದ್ದ ತೆಲುಗು ಅದೊಂದೇ.

ಒಮ್ಮೆ ಬೆಂಗಳೂರಿಗೆ ತರಬೇತಿಗೆಂದು ಹೋದವರು ಅಜೈಲ್ ಎಂಬ ಹೊಸ ಪದ್ಧತಿಯನ್ನು ಹೊತ್ತು ತಂದರು. ಬೆಳಿಗ್ಗೆ ಬಂದ ಕೂಡಲೇ ಎಲ್ಲರೂ ನಿಂತೇ ಆ ದಿನದ ಕೆಲಸ ಮಾತಾಡಬೇಕು, ಕುಳಿತರೆ ಮಾತು ಬೆಳೆಯುತ್ತದಂತೆ. ಕೆಲಸ ಪೂರ್ತಿ ಮುಗಿಯಲಿ ಎಂದು ಕಾಯದೆ, ಎರಡು ವಾರಕ್ಕೊಮ್ಮೆ ಆದಷ್ಟನ್ನೇ ಗಿರಾಕಿಗೆ ತೋರಿಸಬೇಕು. ಅವರು ಹೇಳಿದ ತಪ್ಪು ತಿದ್ದಿಕೊಂಡು ಮುಂದಕ್ಕೆ ಹೋಗಬೇಕು.

ಮೊದಲ ದಿನ ನಾವು ಸಾಲಾಗಿ ನಿಂತಿದ್ದಾಗಲೇ ಎಣ್ಣೆ ಮಿಲ್ಲಿನ ರುದ್ರಪ್ಪನವರು ಮೆಟ್ಟಿಲು ಹತ್ತಿ ಬಂದರು. ನಮಗಿದ್ದ ಒಬ್ಬರೇ ಗಿರಾಕಿ. ಅವರ ಮಿಲ್ಲಿನ ಶೇಂಗಾ ಖರೀದಿಗೆ ನಾವು ಪ್ರೋಗ್ರಾಮ್ ಬರೆಯುತ್ತಿದ್ದೆವು. ತಮ್ಮನ್ನು ಕಂಡೇ ನಾವೆಲ್ಲ ಎದ್ದೆವೆಂದು ಅವರಿಗೆ ಸಂಕೋಚವಾಯಿತು. “ಕುಂತ್ಕಳ್ರಮ್ಮಾ, ಕುಂತ್ಕಳ್ರಿ. ಎಷ್ಟು ಮರ್ಯಾದೆ ಕೊಡ್ತೀರಿ” ಎಂದರು. ಹಿರಿಯರ ಮಾತು, ಕುಳಿತೆವು. ಅವರೂ ಕುಳಿತರು. ಮಂಡಕ್ಕಿ, ಮೆಣಸಿನಕಾಯಿ ಬಂತು. ಮಧ್ಯಾಹ್ನದವರೆಗೆ ಮಾತು ನಡೆಯಿತು. ಓಬಳೇಶಣ್ಣ ಒಬ್ಬರೇ ಹಟಕ್ಕೆ ಬಿದ್ದು ಗೋಡೆಗೆ ಒರಗಿ ನಿಂತೇ ಇದ್ದರು. “ಬೆಂಗಳೂರಾಗೆ ಇದನ್ನ ಹೇಳಿಕೊಡ್ಲಿಲ್ಲ ನೋಡಮ್ಮಾ” ಎಂದು ಆಮೇಲೆ ಕಾಲು ಒತ್ತಿಕೊಂಡರು.

ಎರಡು ವಾರಕ್ಕೊಮ್ಮೆ ತೋರಿಸುವುದೂ ಶುರುವಾಯಿತು. ಪ್ರತಿಸಲವೂ ರುದ್ರಪ್ಪನವರದು ಒಂದೇ ಮಾತು, “ಬಾಳ ಚೆನ್ನಾಗೈತೆ.” ನಾವು ಹಿಗ್ಗಿ ಹೀರೇಕಾಯಿಯಾದೆವು. ಶೇಂಗಾ ಸುಗ್ಗಿ ಬಂತು. ನೋಡಿದರೆ ಮಿಲ್ಲಿನಲ್ಲಿ ಕಂಪ್ಯೂಟರಿಗೆ ಮುಸುಕು ಹಾಕಿಟ್ಟು, ಎಂದಿನಂತೆ ಕೈಯಲ್ಲೇ ಬರೆಯುತ್ತಿದ್ದಾರೆಂದು ಸುದ್ದಿ. ಅವರು ಕೈಬಿಟ್ಟರೆ ಕಂಪನಿಗೆ ಬೀಗ, ನನಗೆ ಮನೆಯ ಮಗ್ಗ.

ಓಬಳೇಶಣ್ಣ ನನ್ನನ್ನೂ ಕರೆದುಕೊಂಡು ಮಿಲ್ಲಿಗೆ ಹೋದರು. ಮಳೆ, ಬೆಳೆ, ಮನೆ ಮಕ್ಕಳ ವಿಚಾರವೆಲ್ಲ ಮುಗಿದ ಮೇಲೆ ರುದ್ರಪ್ಪನವರು ಬಾಯಿಬಿಟ್ಟರು.

“ಹಸಿ ಕಾಯಿ ಬಂದ್ರೆ ನಾವು ತೂಕದಾಗೆ ಒಂದಿಷ್ಟು ಕಮ್ಮಿ ಮಾಡ್ಕಂತೀವಿ. ನಿಮ್ ಪ್ರೋಗ್ರಾಮ್‌ನಾಗೆ ಅದಕ್ಕೆ ಜಾಗಾನೇ ಇಲ್ಲ.”

“ಮೊದ್ಲೇ ಗೊತ್ತಾಗಿತ್ತಾ ನಿಮಗೆ?”

“ಗೊತ್ತಾಗಿತ್ತಪ್ಪಾ. ಹೆಣ್ಮಕ್ಳು ಅಷ್ಟು ಪ್ರೀತಿಯಿಂದ ತೋರಿಸ್ತಾ ಇದ್ರೆ, ಹೆಂಗ್ ಹೇಳಾದು?”

ಓಬಳೇಶಣ್ಣ ಸಿಟ್ಟಾಗುತ್ತಾರೆಂದು ನಾನು ಹೆದರಿದ್ದೆ. ಅವರು ಬಿದ್ದು ಬಿದ್ದು ನಕ್ಕರು. ರಸ್ತೆಗೆ ಬಂದ ಮೇಲೆ, “ಅವರದೇನೂ ತಪ್ಪಿಲ್ಲ ಕಣಮ್ಮಾ. ಬೈಯಾಕೆ ನಾವೇ ಜಾಗ ಕೊಡ್ಲಿಲ್ಲ” ಎಂದರು. ಅದೇ ವಾರ ತೂಕದ ಲೆಕ್ಕ ಸರಿಪಡಿಸಿ ಕೊಟ್ಟೆವು. ಕಂಪ್ಯೂಟರಿನ ಮುಸುಕು ತೆಗೆದರು, ನಮ್ಮ ಕಂಪನಿ ಉಳಿಯಿತು.

ಲೋಟದ ಮೇಲೆ ಅಂಗೈ ಬಂದದ್ದು ಅಂದಿನಿಂದ. ಮೊದಲ ಸಲ ರುದ್ರಪ್ಪನವರು ಮಿಸುಕಾಡಿ, ಮಿಸುಕಾಡಿ, “ಅಕ್ಷರ ಸಣ್ಣದಾತೇನೋ” ಎಂದರು. ಆಮೇಲಾಮೇಲೆ ಮೆಟ್ಟಿಲು ಹತ್ತುವಾಗಲೇ ತಪ್ಪು ಹೇಳಿಕೊಂಡು ಬರುತ್ತಿದ್ದರು. ನಮಗೂ ಅದೇ ಶಿಕ್ಷೆ. “ಎಲ್ಲಾ ಚೆನ್ನಾಗೈತಣ್ಣಾ” ಎಂದವರಿಗೆ ಅಂದು ಟೀ ಇಲ್ಲ.

ವರ್ಷಗಳು ಕಳೆದವು. ನನಗೆ ಬಳ್ಳಾರಿಯಲ್ಲಿ ಕೆಲಸವಾಯಿತು. ಓಬಳೇಶಣ್ಣ ಕಂಪನಿಯನ್ನು ಬೇರೆಯವರಿಗೆ ವಹಿಸಿ ತಮ್ಮ ಊರಾದ ರಾಂಪುರಕ್ಕೆ ಹೋದರು. ಫೋನ್ ಮಾಡಿದಾಗಲೆಲ್ಲ “ಚೆನ್ನಾಗಿದೀನಿ ಕಣಮ್ಮಾ” ಎನ್ನುತ್ತಿದ್ದರು. ಅವರ ಕಿಡ್ನಿ ಕೈಕೊಟ್ಟು ಬಹಳ ದಿನವಾಗಿದೆ ಎಂದು ಅವರ ಹೆಂಡತಿ, ನಾವು ಅತ್ತಿಗೆ ಎನ್ನುತ್ತಿದ್ದವರು, ಹೇಳಿದಾಗ ಬಸ್ಸು ಹತ್ತಿದೆ.

ನಮ್ಮನ್ನೆಲ್ಲ ನಿಲ್ಲಿಸುತ್ತಿದ್ದವರು ದಿಂಬಿಗೆ ಒರಗಿದ್ದರು. “ಏಮ್ಮಾ, ತಿನ್ನಾವಾ?” ಎಂದರು. ಅತ್ತಿಗೆ ಟೀ ತಂದಿಟ್ಟರು. ನಾನು ಕೈ ಚಾಚುವುದರೊಳಗೆ ಸಣಕಲು ಅಂಗೈಯೊಂದು ಲೋಟದ ಮೇಲೆ ಕುಳಿತಿತು.

“ನನ್ನಾಗೆ ಒಂದು ತಪ್ಪು ಹೇಳು.”

“ಏನೂ ಇಲ್ಲಣ್ಣಾ.”

“ಹಂಗಾದ್ರೆ ಕುಡೀಬ್ಯಾಡ.”

ನನಗೆ ನಿಜಕ್ಕೂ ಸಿಟ್ಟು ಬಂತು. ಸಿಟ್ಟಿನ ಜೊತೆ ಅಳುವೂ ಬಂತು. “ಕೇಳ್ದಾಗೆಲ್ಲಾ ಚೆನ್ನಾಗಿದೀನಿ ಅಂದ್ರಲ್ಲಣ್ಣಾ, ಅದು ತಪ್ಪು” ಎಂದೆ.



“ನೀನು ಅಷ್ಟು ಪ್ರೀತಿಯಿಂದ ಕೇಳ್ತಾ ಇದ್ರೆ, ಹೆಂಗ್ ಹೇಳಾದು?” ಎಂದರು.

ಆಮೇಲೆ ಅಂಗೈ ತೆಗೆದರು. ಟೀ ಆರಿತ್ತು. ಅದನ್ನೇ ಪೂರ್ತಿ ಕುಡಿದು ಬಂದೆ. ಅವರ ಕೈಯಿಂದ ಬಿಡಿಸಿಕೊಂಡು ಕುಡಿದ ಕೊನೆಯ ಟೀ ಅದು.