ಬಚ್ಚಲಿಗೆ ಹೋದವರು

ಅಂದು ಬೆಳಿಗ್ಗೆ ನಲ್ಲಿ ನೀರು ಹಿಡಿದೆ. ಒಣಮೆಣಸಿನಕಾಯಿ ತೊಟ್ಟು ಮುರಿದು ಬಿಸಿಲಿಗೆ ಹರವಿದೆ. ಎರಡು ಚಾದರ ಒಗೆದೆ. ಇದನ್ನೆಲ್ಲ ಬರೆಯುತ್ತಿರುವುದು ಆ ದಿನ ನನ್ನ ತಲೆ ನೆಟ್ಟಗಿತ್ತು ಎನ್ನುವುದಕ್ಕೆ. ದೆವ್ವದ ಕಥೆ ಯಾರಾದರೂ ಹೇಳಿದರೆ ಎದುರಿಗೇ ನಗುತ್ತಿದ್ದವಳು ನಾನು.

ನನ್ನ ತಮ್ಮ ಭೌತವಿಜ್ಞಾನಿ. ವಿದ್ಯಾನಗರದ ನಮ್ಮ ಮನೆಗೆ ಎರಡು ದಿನಕ್ಕೆ ಬಂದಿದ್ದ. ನಾನು ಜೋಳದ ಹಿಟ್ಟು ಸಾಣಿಸುತ್ತಿರುವಾಗ ತನ್ನ ಕೆಲಸ ಏನೆಂದು ಹೇಳಿದ. ಪ್ರತಿ ಕಣಕ್ಕೂ ಕನ್ನಡಿಯೊಳಗಿನಂಥ ಒಂದು ಪ್ರತಿಕಣ ಉಂಟಂತೆ. ಎರಡರ ನಡುವೆ ಕೂದಲೆಳೆಯಷ್ಟಾದರೂ ವ್ಯತ್ಯಾಸ ಇದೆಯೇ ಎಂದು ಹುಡುಕುವುದೇ ಅವನ ಕೆಲಸ.

"ಹೊರಗಿಂದ ಗುರುತು ಸಿಗಲ್ಲ ಅಕ್ಕಾ. ಒಂದಕ್ಕೊಂದು ಮುಟ್ಟಿದ್ರೆ ಎರಡೂ ಇರಲ್ಲ."

"ನಿಮ್ ಭಾವಂದೂ ಅಂಥದೊಂದು ಇದ್ರೆ ಕಳ್ಸಪ್ಪಾ, ಅದಾದ್ರೂ ಹೇಳಿದ ಮಾತು ಕೇಳೀತು" ಎಂದು ನಕ್ಕೆ.

ಮಧ್ಯಾಹ್ನದ ರೈಲಿಗೆ ಅವನು ಹೋದ. ಐದೂವರೆಗೆ ಹರಿಹರದ ಕಚೇರಿಯಿಂದ ನಮ್ಮನೆಯವರು ಬಂದು "ಚಾ ಕೊಡೇ" ಎಂದರು. ನನ್ನ ಕೈಗೆ ಹಿಟ್ಟು ಮೆತ್ತಿತ್ತು. ಲೋಟವನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟೆ. ಕುಡಿದು ಬಚ್ಚಲಿಗೆ ಹೋದರು. ಯಾವತ್ತೂ ಎಡಕ್ಕೆ ತೆಗೆಯುವ ಬೈತಲೆ ಬಲಕ್ಕಿತ್ತು. ಬಸ್ಸಿನ ಗಾಳಿಗೆ ಕೆದರಿರಬೇಕು ಅಂದುಕೊಂಡೆ.

ಆಗ ಫೋನು ಬಂತು. ಅವರದೇ ನಂಬರು, ಅವರದೇ ದನಿ.

"ಬಸ್ ಕೆಟ್ಟೈತೆ, ಇನ್ನೂ ಹರಿಹರದಾಗೇ ಅದೀನಿ. ಕೇಳ್ತಾ?"

ಬಚ್ಚಲಲ್ಲಿ ನೀರು ಸುರಿಯುತ್ತಲೇ ಇತ್ತು.

ಬರಿಗಾಲಲ್ಲಿ ಗೇಟಿಗೆ ಓಡಿದೆ. ಇವರು ಬಂದು ಒಳಗಿರುವವರನ್ನು ಮುಟ್ಟಿಬಿಟ್ಟರೆ ಎಂಬುದೊಂದೇ ಭಯ. ಒಳಗಿನಿಂದ ಯಾರೂ ಹೊರಬರಲಿಲ್ಲ. ಏಳಕ್ಕೆ ಇವರು ಬಂದರು. ಅಡ್ಡ ನಿಂತೆ.

"ಏನಾತೇ? ನನ್ ಮನೆಗೆ ನಾನ್ ಹೋಗಾಕೂ ಟಿಕೆಟ್ ತಗೋಬೇಕಾ?" ಎನ್ನುತ್ತ ಸರಿದು ಒಳಹೋದರು. ಬಚ್ಚಲ ಬಾಗಿಲು ಹಾಕಿಕೊಂಡ ಸದ್ದಾಯಿತು. ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಹೊರಬಂದವರು ಒಬ್ಬರೇ. ತಲೆ ಒದ್ದೆಯಾಗಿತ್ತು, ಬೈತಲೆ ತಿಳಿಯುವಂತಿರಲಿಲ್ಲ.

ತಮ್ಮನಿಗೆ ಫೋನು ಮಾಡಿ, ಇವರು ಎರಡು ಸಲ ಬಂದದ್ದನ್ನು ಹೇಳಿದೆ. "ಗಾಳಿ ತಾಕಿದ್ರೇ ಅದು ಉಳಿಯಲ್ಲ ಅಕ್ಕಾ. ಮನುಷ್ಯ ಹೆಂಗೆ ಆಗ್ತಾನೆ? ನಿಂಗೆ ನಿದ್ದೆ ಕಮ್ಮಿ ಆಗೈತೆ" ಎಂದು ನಕ್ಕ. ಫೋನು ಇಡುವ ಮುನ್ನ, "ಬೈತಲೆ ಯಾವ ಕಡೆಗಿತ್ತು?" ಎಂದ. ಬೈತಲೆಯ ಮಾತನ್ನು ನಾನು ಎತ್ತಿರಲೇ ಇಲ್ಲ.

ವರ್ಷಗಳಾದವು. ಆಮೇಲೆ ಅವರನ್ನು ಎಷ್ಟೋ ಸಲ ಮುಟ್ಟಿದ್ದೇನೆ, ಏನೂ ಆಗಿಲ್ಲ. ಆದರೆ ಅಂದು ಚಾ ಕುಡಿದವರು ಯಾರೆಂದು ಇವತ್ತಿಗೂ ತಿಳಿದಿಲ್ಲ.

ಆ ರಾತ್ರಿ ರೊಟ್ಟಿ, ಹೆಸರುಕಾಳು ಪಲ್ಯ, ಮಜ್ಜಿಗೆ. ಬಡಿಸುವಾಗ ಅವರ ಬೆರಳು ತಾಕದಂತೆ ನೋಡಿಕೊಂಡೆ. ಮೊದಲು ನಿದ್ದೆ ಹೋದವರು ಅವರೇ. ನಾನು ಚಾಪೆ ಎಳೆದುಕೊಂಡು ಹೊಸ್ತಿಲಾಚೆ ಮಲಗಿದೆ.