ಘಟ್ಟ ಹತ್ತಿ ಬಂದ ಸಮುದ್ರ

ತುಂಗಾ ಕಾಕು ಅಡಿಗೆ ಮಾಡುವಾಗ ಒಮ್ಮೆಯೂ ಉಪ್ಪು ನೋಡಿದವರಲ್ಲ. ನೈವೇದ್ಯ ಆಗುವ ಮೊದಲು ನಾಲಿಗೆಗೆ ಒಂದು ಹನಿ ಸಾರು ತಾಗಿದರೂ ಅದು ಎಂಜಲಾಯಿತು, ದೇವರ ಎದುರು ಇಡುವ ಹಾಗಿಲ್ಲ. "ಸಾರು ಕುದಿಯೂ ಸಪ್ಪಳಾನಽ ಹೇಳ್ತದೋ, ಉಪ್ಪು ಹತ್ತ್ಯದೋ ಇಲ್ಲೋ ಅಂತ" ಎನ್ನುತ್ತ ಸೌಟು ಹಿಡಿದು ಒಲೆಯ ಕಡೆ ಕಿವಿ ವಾಲಿಸಿ ನಿಲ್ಲುತ್ತಿದ್ದರು. ಸಾರು ಯಾವಾಗಲೂ ಖರೇ ಹೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಅಂಥ ದಿನ ಅವರ ಯಜಮಾನರು ಶ್ರೀಪಾದ ಕಾಕಾ ಮೊಸರು ಹೆಚ್ಚು ಹಾಕಿಸಿಕೊಂಡು ಉಂಡು ಏಳುತ್ತಿದ್ದರು.

ಕಾಕು ಬಿಜಾಪುರದ ಕಡೆಯವರು. ಮದುವೆಯಾಗಿ ಪುಣೆಗೆ ಬಂದು ತಲೆ ಬೆಳ್ಳಗಾದರೂ ಸಮುದ್ರ ಕಂಡಿರಲಿಲ್ಲ. ದಾರಿಗಡ್ಡ ಘಟ್ಟ ಇತ್ತಲ್ಲ! ಗಾಡಿ ಮೊದಲ ತಿರುವು ಇಳಿದದ್ದೇ ತಡ, ಹೊಟ್ಟೆ ತೊಳಸಿ, ಕಣ್ಣಿಗೆ ಕತ್ತಲೆ ಬಂದು, ಕಾಕು ಸೀಟಿನ ಮೇಲೇ ಒರಗಿಬಿಡುತ್ತಿದ್ದರು. ಅಣ್ಣನ ಮಗನ ಮದುವೆಗೆಂದು ಮುಂಬಯಿಗೆ ಹೊರಟವರು ಘಟ್ಟದ ತಲೆಯ ಮೇಲಿನ ಲೋಣಾವಳದಲ್ಲೇ ಇಳಿದು ತಿರುಗಿ ಬಂದದ್ದು ಮನೆತನದ ಖಾಯಂ ನಗೆಮಾತು.

"ಮತ್ತ ಅಕ್ಷತಾ ಕಾಳು ಏನ್ ಮಾಡಿದ್ರಿ ಕಾಕು?" ಎಂದು ನಾನು ಕೇಳಿದ್ದೆ.

"ಲೋಣಾವಳದಾಗಽ ನಿಂತು ಮುಂಬೈ ದಿಕ್ಕಿಗೆ ಒಗದು ಬಂದೆ. ಮುಟ್ಟಿರಬೇಕು ತಗೋ, ಎರಡು ಮಕ್ಕಳಾದವು" ಎಂದರು. ಆಮೇಲೆ ತಾವಾಗಿಯೇ, "ಸಮುದ್ರ ನೋಡಬೇಕಂತ ಆಶಾ ಭಾಳ ಅದನೋ. ನಾ ಇಳಿಯೂದಂತೂ ಆಗೂದಿಲ್ಲ. ಅದಽ ಘಾಟ ಹತ್ತಿ ಬಂದ್ರ ನೋಡ್ತೀನಿ" ಎಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೊಸ ಶತಮಾನ ಆಗಷ್ಟೇ ಹೊಸ್ತಿಲು ದಾಟಿತ್ತು. ನಾನು ಅವರ ಮನೆಯ ಮೇಲಿನ ತಗಡಿನ ಖೋಲಿಯಲ್ಲಿ ಬಾಡಿಗೆಗಿದ್ದು ಶಿವಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ಸಂಜೆ ಸೈಬರ್ ಕೆಫೆಗೆ ಹೋದರೆ ನನ್ನದು ಒಂದೇ ಹುಚ್ಚು: ಮನೆಯೊಳಗೆ ಸಮುದ್ರ ಕಟ್ಟುವುದು! ದೊಡ್ಡದಲ್ಲ, ಒಂದು ಕೊಡ ನೀರು ಹಿಡಿಯುವ ಗಾಜಿನ ಪೆಟ್ಟಿಗೆ. ಅದರಲ್ಲಿ ಕಡಲಿನ ಉಸುಕು, ಹವಳದ ಜೀವಗಳು, ಒಂದು ಬಣ್ಣದ ಮೀನು. ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ, ಸಣ್ಣ ಪೆಟ್ಟಿಗೆಯ ಉಸಾಬರಿಗೆ ಹೋಗಬೇಡ ಎಂದು ಬಲ್ಲವರೆಲ್ಲ ಹೇಳಿದರು. ಹೇಳಿದಷ್ಟೂ ನನಗೆ ಹುರುಪು ಏರಿತು.

ಆದರೆ ನನ್ನ ಖೋಲಿ ಮಧ್ಯಾಹ್ನಕ್ಕೆ ಕಾದ ಹಂಚು. ಇಡೀ ಮನೆಯಲ್ಲಿ ತಂಪಾದ ಜಾಗ ಒಂದೇ, ಕಾಕುವಿನ ಅಡಿಗೆಮನೆ. ಶಹಾಬಾದಿ ಕಲ್ಲಿನ ನೆಲ, ಮಣ್ಣಿನ ಕೊಡಗಳು, ಒಂದು ಮೂಲೆಯಲ್ಲಿ ದೇವರ ಗೂಡು. ಅದೂ ಮಡಿಯ ಅಡಿಗೆಮನೆ. ಹೆದರುತ್ತ ಹೆದರುತ್ತ ಕೇಳಿದೆ: "ಕಾಕು, ಸದ್ಯಕ್ಕ ಬರೇ ಉಪ್ಪುನೀರು, ಒಂದು ಕಲ್ಲು. ಇಷ್ಟಽ ರೀ."

"ಕಲ್ಲು ನೀರಿಗೆ ಎಂಥಾ ಮೈಲಿಗಿ? ಇಡು ಅತ್ಲಾಗ, ಕಟ್ಟಿ ಮ್ಯಾಲೆ."

ನೀರಿನ ಚಿಂತೆ ಬಗೆಹರಿಸಿದವರು ಶ್ರೀಪಾದ ಕಾಕಾ. ಅವರು ಮಾರ್ಕೆಟ್ ಯಾರ್ಡಿನ ಹಣ್ಣಿನ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುವ ಮುನೀಮರು. ಬೇಸಿಗೆಯಲ್ಲಿ ಕೊಂಕಣದಿಂದ ಹಾಪೂಸ್ ಮಾವು ಹೊತ್ತು ಬರುವ ಟೆಂಪೋಗಳಲ್ಲೇ ಒಂದೊಂದು ಕ್ಯಾನು ಕಡಲನೀರೂ ಬರತೊಡಗಿತು. ಮಾವಿನ ಸುಗ್ಗಿಯಲ್ಲಿ ತುಂಬಿಸಿಟ್ಟದ್ದು ಜಿನೆಯ ಮೆಟ್ಟಿಲುಗಳ ಕೆಳಗಿನ ಕತ್ತಲಲ್ಲಿ ವರ್ಷವಿಡೀ ಇರುತ್ತಿತ್ತು. ಕಾಕು ಮೊದಲ ಕ್ಯಾನಿನ ಮುಚ್ಚಳ ತೆಗೆದು ಮೂಸಿ, "ಮಾವಿನಹಣ್ಣಿನ ವಾಸನಿ ಬರ್ತದಲ್ಲೋ! ನಾ ಸಮುದ್ರ ಬ್ಯಾರೇನಽ ತಿಳಿದಿದ್ದೆ" ಎಂದರು.

ಕಲ್ಲು ಮುಂಬಯಿಯ ಅಂಗಡಿಯದು, ಹೊರದೇಶದಿಂದ ಬಂದದ್ದು. ಮೈತುಂಬ ತೂತು, ತೂತಿನೊಳಗೆ ಕಣ್ಣಿಗೆ ಕಾಣದ ಜೀವಗಳು. ನೀರಿಗೆ ಹಾಕಿ, ದೀಪ ಹಚ್ಚಿ, ಗಾಳಿಯ ಪಂಪು ಹೂಡಿ ಕಾಯಬೇಕು. ಮೀನು ಬಿಡುವ ಅವಸರ ಮಾಡುವಂತಿಲ್ಲ. ವಾರಗಟ್ಟಲೆ ಏನೂ ಆಗಲಿಲ್ಲ. ಕಾಕಾ ಪ್ರತಿದಿನ, "ಏನು, ನಿಮ್ಮ ಕಲ್ಲು ಹ್ಯಾಂಗದ? ಉಂಡಿತೇನು?" ಎಂದು ಚಾಷ್ಟಿ ಮಾಡುವರು.

ಒಂದು ಮುಂಜಾನೆ ನಾನು ಹಲ್ಲುಜ್ಜುತ್ತಿದ್ದೆ. ಕೆಳಗಿನಿಂದ ಕಾಕುವಿನ ಕೂಗು: "ಏ ಬಾರೋ, ಲಗೂ ಬಾ! ಕಲ್ಲು ಹಡದದ!"

ಬಾಯಿತುಂಬ ನೊರೆ ಇಟ್ಟುಕೊಂಡೇ ಓಡಿದೆ. ಖರೇನೇ! ಗಾಜಿನ ಮೇಲೆ ಸಾಸಿವೆಯಷ್ಟು ನಕ್ಷತ್ರಗಳು ಹರಿದಾಡುತ್ತಿದ್ದವು. ತೂತೊಂದರಿಂದ ಕೆಂಪು ಗರಿಯಂಥದು ಹೊರಗೆ ಬಂದು ನಮ್ಮ ನೆರಳು ಬಿದ್ದೊಡನೆ ಸರಕ್ಕನೆ ಒಳಗೆ ಹೋಯಿತು. ಕಲ್ಲಿನ ನೆತ್ತಿಯಲ್ಲಿ ಅಂಗಿಯ ಗುಂಡಿಯಷ್ಟಷ್ಟೇ ಇದ್ದ ಹವಳದ ಜೀವಗಳು ಬೆಳಕಿಗೆ ಎಸಳು ಬಿಚ್ಚಿದ್ದವು. "ಸೇವಂತಿಗಿ ಅರಳ್ಯಾವ ನೋಡು" ಎಂದರು ಕಾಕು. ಆ ದಿನ ಅವರ ಪೂಜೆ ತಡವಾಯಿತು, ನನ್ನ ಕಚೇರಿಯೂ ತಡವಾಯಿತು. ಇಬ್ಬರಿಗೂ ಕಿಂಚಿತ್ತೂ ಬೇಸರವಾಗಲಿಲ್ಲ.

ಇನ್ನು ಮೀನಿನ ಗತಿ ಏನು? ತಂದೇಬಿಟ್ಟೆ. ಹೆಬ್ಬೆರಳಿನಷ್ಟು ಉದ್ದ, ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಅಚ್ಚ ಬಿಳಿಯ ಪಟ್ಟೆಗಳು. ಪ್ಲಾಸ್ಟಿಕ್ ಚೀಲವನ್ನು ಬೆನ್ನಹಿಂದೆ ಅಡಗಿಸಿ ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಕಾಕು ಚೀಲ ಇಸಿದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಯ್ಯ, ಮೈತುಂಬ ಗೋಪಿಚಂದನದ ನಾಮ ಹಚ್ಚಿಕೊಂಡು ಬಂದಾನಲ್ಲೋ! ನಮ್ಮ ಪೈಕಿನಽ ಅವ. ಒಳಗ ಬರ್ರಿ ಆಚಾರ್ರ, ಬರ್ರಿ."

ಅಂದಿನಿಂದ ಆ ಮೀನು ಆಚಾರ್ರು. ಕಾಕು ಅದನ್ನು ಎಂದೂ ಏಕವಚನದಲ್ಲಿ ಕರೆಯಲಿಲ್ಲ. "ಆಚಾರ್ರು ಎದ್ದಾರ", "ಆಚಾರ್ರಿಗೆ ಇವತ್ತ ಯಾಕೋ ಸಿಟ್ಟು ಬಂದದ". ಕಾಕಾ ಮಾತ್ರ ಜಗ್ಗಲಿಲ್ಲ. "ಆಚಾರ್ರು ಅಂತ ಆಚಾರ್ರು! ಮೀನ ಅದು, ಮೀನ" ಎನ್ನುತ್ತಿದ್ದರು.

ಆಚಾರ್ರ ಊಟದ ಡಬ್ಬಿಗೆ ಕಾಕು ಇಟ್ಟ ಹೆಸರು ಅವಲಕ್ಕಿ. "ಇದರಾಗ ಏನೇನು ಹಾಕ್ಯಾರ ಅಂತ ನಾ ಕೇಳೂದಿಲ್ಲ, ನೀ ಹೇಳೂದಿಲ್ಲ" ಎಂದು ಮೊದಲ ದಿನವೇ ಒಪ್ಪಂದ ಆಯಿತು. ಏಕಾದಶಿಯ ದಿನ ಅದೂ ಬಂದ್. ಮನೆಯವರಿಗೆಲ್ಲ ಉಪವಾಸ ಇರುವಾಗ ನಾಮ ಹಚ್ಚಿಕೊಂಡವರು ಉಣ್ಣುವುದುಂಟೆ? ನಾನು ಗಾಬರಿಯಾಗಿ ಸೈಬರ್ ಕೆಫೆಗೆ ಓಡಿ ಹುಡುಕಿದರೆ, ಸಣ್ಣ ಪೆಟ್ಟಿಗೆಯ ಮೀನಿಗೆ ಆಗೀಗ ಒಂದು ದಿನ ಉಪವಾಸ ಬಹಳ ಒಳ್ಳೆಯದು, ನೀರು ಕೆಡುವುದಿಲ್ಲ ಎಂದಿತ್ತು. ಬಂದು ಹೇಳಿದೆ. "ಅದನ್ನ ಹೇಳಲಿಕ್ಕೆ ಕಂಪ್ಯೂಟರ್ ಬೇಕಾತೇನೋ?" ಎಂದರು.

ಒಂದು ಸಲ ಸೇವಂತಿಗೆಗಳು ಅರಳುವುದನ್ನೇ ಬಿಟ್ಟವು. ನೀರು ಆವಿಯಾಗಿ ಇಳಿದಾಗಲೆಲ್ಲ ನಾನು ಕ್ಯಾನಿನಿಂದ ಕಡಲನೀರನ್ನೇ ತುಂಬಿಸುತ್ತಿದ್ದೆ. ಗಾಜಿನ ಅಂಚಿಗೆ ಉಪ್ಪಿನ ಪಾಪಡಿ ಕಟ್ಟಿತ್ತು. ಕಾಕು ಅದನ್ನು ಉಗುರಿನಿಂದ ಕೆರೆದು ನನ್ನ ಮುಖಕ್ಕೆ ಹಿಡಿದರು. "ಶಾಣ್ಯಾ, ಸಾರು ಕುದ್ದು ಇಂಗಿದ್ರ ನೀರು ಹಾಕ್ತಾರೋ ಉಪ್ಪು ಹಾಕ್ತಾರೋ? ಹೋಗೂದು ಬರೇ ನೀರು, ಉಪ್ಪು ಅಲ್ಲೇ ಕೂತಿರ್ತದ!" ಅಂದಿನಿಂದ ಕಾಸಿ ಆರಿಸಿದ ಸಿಹಿನೀರು ಹಾಕುವ ಕೆಲಸ ಅವರದಾಯಿತು. ಸೇವಂತಿಗೆ ಮತ್ತೆ ಅರಳಿತು. ಪೇಠೆಯ ಹೆಂಗಸರು ಅರಿಶಿನ-ಕುಂಕುಮಕ್ಕೆ ಬಂದವರು ಸಮುದ್ರ ನೋಡದೆ ಹೋಗುತ್ತಿರಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಬಂತು ಲೋಡ್‌ಶೆಡಿಂಗಿನ ಬೇಸಿಗೆ. ಹಗಲಿಗೆ ತಾಸುಗಟ್ಟಲೆ ಕರೆಂಟಿಲ್ಲ. ಪಂಪು ನಿಲ್ಲುವುದು, ನೀರು ಕಾಯುವುದು, ಆಚಾರ್ರು ಮೇಲೆ ಬಂದು ಬಾಯಿ ಬಿಡುವುದು. ಕಾಕು ಗಾಜಿಗೆ ಒದ್ದೆ ಪಂಚೆ ಸುತ್ತಿ, ಒಂದು ಕೈಯಲ್ಲಿ ಬೀಸಣಿಕೆ ಬೀಸುತ್ತ, ಇನ್ನೊಂದು ಕೈಯಲ್ಲಿ ಕಾಫಿ ಆರಿಸುವ ಹಾಗೆ ಲೋಟದಿಂದ ನೀರು ಎತ್ತಿ ಎತ್ತಿ ಸುರಿಯುತ್ತಿದ್ದರು. ಮೇಲಿಂದ ಮೇಲೆ ನೀರು ಬದಲಿಸಿ ಜಿನೆಯ ಕೆಳಗಿನ ಕ್ಯಾನುಗಳೆಲ್ಲ ಬರಿದಾದವು. ಅಂಥ ಹೊತ್ತಿನಲ್ಲೇ ಕಲ್ಲಿನ ಸಂದಿಯಲ್ಲಿದ್ದ ಒಂದು ಬಸವನಹುಳು ಸತ್ತು ಕೊಳೆತುಹೋಯಿತು. ನೀರು ಗಂಜಿಯ ಹಾಗಾಯಿತು. ಸೇವಂತಿಗೆ ಮುದುಡಿತು. ಆಚಾರ್ರು ಮೂಲೆಗೆ ಒರಗಿದರು.

ಹೊಸ ನೀರು ಬೇಕೇ ಬೇಕು. ಮಾವಿನ ಸುಗ್ಗಿ ಮುಗಿದಿತ್ತು, ಟೆಂಪೋಗಳ ಓಡಾಟ ನಿಂತಿತ್ತು. ಮಳೆ ಬಿದ್ದರೆ ಕಡಲದಂಡೆಯ ನೀರು ಉಪ್ಪಿಳಿದು ತೆಳ್ಳಗಾಗಿ ಕೆಸರಾಗುತ್ತದೆ, ಆಮೇಲೆ ದಸರೆಯವರೆಗೆ ಪ್ರಯೋಜನವಿಲ್ಲ. ಬಾಳು ಎಂಬ ಟೆಂಪೋ ಚಾಲಕ ಕೊನೆಯ ಖೇಪಿನ ಮಾವು ಇಳಿಸಿ ಮರುದಿನ ಬೆಳಗ್ಗೆ ಕೊಂಕಣದ ತನ್ನ ಊರಿಗೆ ಖಾಲಿ ಗಾಡಿ ಒಯ್ಯುವವನಿದ್ದ. ನಾನು ಅವನ ಜೊತೆ ಹೋಗಿ ಬರುತ್ತೇನೆ ಎಂದೆ.

"ನಾನೂ ಬರ್ತೀನಿ" ಎಂದರು ಕಾಕು. "ನಿನಗ ನೀರು ಆರಿಸಿ ತರಲಿಕ್ಕೆ ತಿಳಿಯೂದಿಲ್ಲ."

ಕಾಕಾ ಕೈಯಲ್ಲಿದ್ದ ಅಡಿಕೆ ಅಲ್ಲೇ ಬಿಟ್ಟರು. "ಅಣ್ಣನ ಮಗನ ಮದವಿಗೆ ಇಳೀಲಿಲ್ಲ, ಈ ಮೀನಿಗಾಗಿ ಇಳೀತೀ?"

"ಅಣ್ಣನ ಮಗನ ಮದವಿಗೆ ಸಾವಿರ ಮಂದಿ ಬಂದಿದ್ರು. ಆಚಾರ್ರಿಗೆ ಯಾರಿದ್ದಾರ? ನಾ ಬರೂತನಕ ನೀವು ಕೂತು ಲೋಟದಿಂದ ನೀರು ಸುರೀರಿ."

ತಾಮ್ಹಿಣಿ ಘಟ್ಟದ ಮೊದಲ ತಿರುವಿಗೇ ಕಾಕು ಕಣ್ಣು ಮುಚ್ಚಿದರು. ಮೂಗಿಗೆ ನಿಂಬೆಹಣ್ಣು, ಬಾಯಲ್ಲಿ ವಿಷ್ಣು ಸಹಸ್ರನಾಮ. ನಾಮ ನಡುವೆ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ, ಬಾಯಿ ಮುಕ್ಕಳಿಸಿ ಬಿಟ್ಟಲ್ಲಿಂದ ಮುಂದಿನ ನಾಮ. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಬಾಳು ಗಾಡಿ ನಿಧಾನ ಮಾಡಿ, ನಿಲ್ಲಿಸಲೇ ಎಂದು ಕೇಳುತ್ತ, "ಆಜಿ, ಥಾಂಬೂ ಕಾ?" ಎಂದರೆ, "ನಕೋ ರೇ, ಚಾಲೂ ದೇ" ಎಂದು ಕಣ್ಣು ಮುಚ್ಚಿಯೇ ಕೈ ಬೀಸಿದರು. ಗಾಡಿ ನಿಲ್ಲಲಿಲ್ಲ.

ದಂಡೆ ಬಂತು. ನಾನು ಕೈ ಹಿಡಿದು ಇಳಿಸಿದೆ. ಇಡೀ ಜನ್ಮ ಹಂಬಲಿಸಿದ ಸಮುದ್ರ ಎದುರಿಗೆ ಭೋರಿಡುತ್ತಿದೆ, ಕಾಕು ತಲೆ ಎತ್ತಲೇ ಇಲ್ಲ! ಸೀರೆ ಎತ್ತಿ ಕಟ್ಟಿ ಸೀದಾ ಮೊಣಕಾಲು ನೀರಿಗೆ ನಡೆದರು. ಬಗ್ಗಿ ಬೆರಳು ಅದ್ದಿದರು. ಅದ್ದಿದ ಬೆರಳನ್ನು ಬಾಯಿಗಿಟ್ಟು ಚೀಪಿದರು.

"ಕಾಕು! ಉಪ್ಪು ನೋಡಿದ್ರಿ? ನೈವೇದ್ಯಾ ಆಗಿಲ್ಲಲ್ರೀ!" ಎಂದು ಚೀರಿದೆ.

"ನೈವೇದ್ಯಾ ಯಾರಿಗೆ ಮಾಡಲೋ? ದೇವರು ಇದರಾಗಽ ಮಲಗ್ಯಾನ" ಎಂದರು. ಇನ್ನೊಮ್ಮೆ ಬೆರಳು ಅದ್ದಿ ಚೀಪಿ, "ಮಳಿ ಇನ್ನೂ ಮುಟ್ಟಿಲ್ಲ. ಉಪ್ಪು ಬರೋಬ್ಬರಿ ಅದ. ತುಂಬು!"

ಆಮೇಲೆ ತಲೆ ಎತ್ತಿದರು. ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ನೋಡಿದರು. ನಗುತ್ತಾರೆ, ಕುಣಿಯುತ್ತಾರೆ ಎಂದುಕೊಂಡಿದ್ದ ನನಗೆ ಅವರ ಕಣ್ಣಲ್ಲಿ ನೀರು ಕಂಡಿತು.

"ಇಷ್ಟು ದೊಡ್ಡ ಮನಿ ಬಿಟ್ಟು ಬಂದು ನಮ್ಮ ಕಟ್ಟಿ ಮ್ಯಾಲೆ ಕೂತಾರಲ್ಲೋ ಆಚಾರ್ರು, ಪಾಪ. ಒಂದ ದಿನ ಬೇಜಾರ ಅಂತ ಅನ್ನಲಿಲ್ಲ. ಲಗೂ ಲಗೂ ತುಂಬು, ಹೋಗೋಣು."

ಬಂದ ಗಾಡಿಯ ಉಸಿರು ಆರುವ ಮೊದಲೇ ಬೇರೆ ಗಾಡಿ ಹುಡುಕಿ ಘಟ್ಟ ಹತ್ತಿದೆವು. ಮನೆ ಮುಟ್ಟಿದಾಗ ಕಾಕಾ ಅಂಗಿ ಪೂರ್ತಿ ಒದ್ದೆ ಮಾಡಿಕೊಂಡು ಇನ್ನೂ ಲೋಟದಿಂದ ನೀರು ಸುರಿಯುತ್ತಲೇ ಇದ್ದರು. ಕೆಟ್ಟ ನೀರು ತೆಗೆದು ಹೊಸದು ಹಾಕಿದೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಆಚಾರ್ರು ಮೂಲೆ ಬಿಟ್ಟು ಹೊರಗೆ ಬಂದು ಅವಲಕ್ಕಿ ತಿಂದರು. ಕಾಕು ಒಲೆಯ ಮೇಲಿನ ಸಾರು ಮರೆತು ಚಪ್ಪಾಳೆ ತಟ್ಟಿದರು. ಅದೇ ವಾರ ಮಳೆ ಬಂತು.

ನಾನು ಆಮೇಲೆ ಮದುವೆಯಾಗಿ ಬೇರೆ ಮನೆ ಮಾಡಿದೆ. ಪೆಟ್ಟಿಗೆಯನ್ನು ಒಯ್ಯುವ ಮಾತೇ ಬರಲಿಲ್ಲ, ಅದು ಯಾವಾಗಲೋ ಕಾಕುವಿನದಾಗಿತ್ತು. ಕೆಲವು ವರ್ಷಗಳ ಮೇಲೆ ಒಂದು ಮುಂಜಾನೆ ಕಾಕು ಹೋದರೆಂದು ಫೋನು ಬಂತು. ನಿದ್ದೆಯಲ್ಲೇ ಹೋಗಿದ್ದರು. ಸ್ಮಶಾನದಿಂದ ತಿರುಗಿ ಬಂದಾಗ ಒಲೆ ಹಚ್ಚದ ಅಡಿಗೆಮನೆ ತಣ್ಣಗೆ ಕೂತಿತ್ತು. ಕಲ್ಲಿನ ಮೇಲೆ ಸೇವಂತಿಗೆ ಅರಳಿತ್ತು. ಆಚಾರ್ರು ಗಾಜಿಗೆ ಮೂತಿ ಹಚ್ಚಿ ಆಚೆ ಈಚೆ ತಿರುಗುತ್ತಿದ್ದರು, ಹಸಿದಿದ್ದರು. ನಾನು ಡಬ್ಬಿಗೆ ಕೈ ಹಾಕಿದೆ. ಕಾಕಾ ತಡೆದರು. ಒದ್ದೆ ಪಂಚೆಯಲ್ಲೇ ಕಟ್ಟೆಯ ಹತ್ತಿರ ಹೋಗಿ, ಗಾಜಿನ ಮಟ್ಟಕ್ಕೆ ಬಗ್ಗಿ, ಕೈ ಜೋಡಿಸಿದರು.

"ಇವತ್ತ ಏಕಾದಶಿ ಅಂತ ತಿಳಕೋರಿ, ಆಚಾರ್ರ."